ಹಸ್ತಪ್ರತಿ ಮುಗಿಯಿತು, ಪುಸ್ತಕ ಯಾರ ಅಟ್ಟಕ್ಕೆ?

ಶಿರಸಿ ಹತ್ತಿರದ ಒಂದು ಹಳ್ಳಿ. ಅಲ್ಲಿನ ನಿವೃತ್ತ ಮಾಸ್ತರರೊಬ್ಬರ ಮನೆಯ ಅಟ್ಟದಲ್ಲಿ ಚಾಲಿ ಅಡಿಕೆ ಚೀಲಗಳ ಪಕ್ಕ ಹತ್ತಾರು ರಟ್ಟಿನ ಪೆಟ್ಟಿಗೆಗಳಿದ್ದವು. ಒಳಗಿದ್ದದ್ದು ಅವರದೇ ಪುಸ್ತಕ. ಸುತ್ತಲಿನ ಊರು, ಕೇರಿ, ಹಳ್ಳ, ಗದ್ದೆಗಳಿಗೆ ಆ ಹೆಸರು ಹೇಗೆ ಬಂತು ಅಂತ ವರ್ಷಗಟ್ಟಲೆ ಓಡಾಡಿ ಬರೆದದ್ದು. 1000 ಪ್ರತಿ ಹಾಕಿಸಿದ್ದರು. ಬಿಡುಗಡೆಯ ದಿನ ನೂರು ಚಿಲ್ಲರೆ ಹೋಯಿತು. ನೆಂಟರಿಗೆ, ಶಾಲೆಗಳಿಗೆ ಸುಮ್ನೆ ಕೊಟ್ಟದ್ದು ಇನ್ನೊಂದು ನೂರೈವತ್ತು. ಉಳಿದದ್ದು ಅಟ್ಟ ಹತ್ತಿತು. “ತಮಾ, ಬರೆಯದು ಸುಲಭ. ಖಾಲಿ ಮಾಡದೇ ಕಷ್ಟ ನೋಡು” ಅಂತ ಅವರು ನಗುತ್ತಲೇ ಹೇಳಿದ್ದರು.

ನಾನು ಶಿರಸಿಯಲ್ಲಿ ಕೂತು ಊರಿನವರ ಪುಸ್ತಕಗಳ ಕರಡು ತಿದ್ದುವವನು. ಆಗಾಗ ಫೋನ್ ಬರುತ್ತದೆ. ಕಾರವಾರದ ಬ್ಯಾಂಕ್ ನೌಕರರು, ಕುಮಟೆಯ ಕಾಲೇಜು ಹುಡುಗಿ, ಯಲ್ಲಾಪುರದ ತೋಟದವರು. ಎಲ್ಲರೂ ಕೇಳುವುದು ಒಂದೇ: ‘ಬರೆದು ಮುಗಿಸಿದ್ದೇನೆ, ಯಾವ ಪ್ರಕಾಶಕರಿಗೆ ಕಳಿಸಲಿ?’ ನನ್ನ ಪ್ರಕಾರ ಇದು ಎರಡನೆಯ ಪ್ರಶ್ನೆ. ಮೊದಲು ಕೇಳಿಕೊಳ್ಳಬೇಕಾದ್ದು ಬೇರೆ. ದುಡ್ಡು ಹಾಕುವವರು ಯಾರು? ಹಕ್ಕು ಯಾರ ಕೈಲಿ ಉಳಿಯುತ್ತದೆ? ಮಾರಾಟವಾಗದ ಪ್ರತಿ ಯಾರ ಅಟ್ಟ ಸೇರುತ್ತದೆ?

ಕನ್ನಡದಲ್ಲಿ ಮೊದಲ ಪುಸ್ತಕ ಹೊರಬರುವ ದಾರಿ ಮೂರು. ಪ್ರಕಾಶಕರೇ ದುಡ್ಡು ಹಾಕಿ, ಗೌರವಧನ ಕೊಟ್ಟು ತರುವುದು ಒಂದು. ಲೇಖಕರೇ ಪ್ರಕಾಶಕರಾಗುವುದು ಇನ್ನೊಂದು. ಇವೆರಡರ ನಡುವೆ ಮೂರನೆಯದಿದೆ: ಪುಸ್ತಕದ ಮೇಲೆ ಪ್ರಕಾಶನದ ಹೆಸರು, ಖರ್ಚು ಮಾತ್ರ ಲೇಖಕರದ್ದು. ಕೆಲವರು ನೇರವಾಗಿ ದುಡ್ಡು ಕೇಳುತ್ತಾರೆ. ಕೆಲವರು ‘ಮುನ್ನೂರು ಪ್ರತಿ ನೀವೇ ತಗೊಳ್ಳಿ’ ಅನ್ನುತ್ತಾರೆ. ಲೆಕ್ಕ ಹಾಕಿದರೆ ಎರಡೂ ಒಂದೇ. ನಾನು ಕಂಡ ಮೊದಲ ಪುಸ್ತಕಗಳಲ್ಲಿ, ಅದರಲ್ಲೂ ಕವನ ಸಂಕಲನಗಳಲ್ಲಿ, ಈ ನಡುವಿನ ದಾರಿಯೇ ಜಾಸ್ತಿ. ಬಿಡುಗಡೆಯ ವೇದಿಕೆ ಮೇಲೆ ಮಾತ್ರ ಯಾರೂ ಇದನ್ನು ಬಾಯಿ ಬಿಟ್ಟು ಹೇಳುವುದಿಲ್ಲ. ಹೇಳದೇ ಇರುವುದರಿಂದಲೇ ಹೊಸಬರು ಸಿಕ್ಕಿಬೀಳುವುದು. ಕೈಯಿಂದ ದುಡ್ಡು ಹಾಕುವುದು ನಾಚಿಕೆಯ ವಿಷಯವಲ್ಲ. ದುಡ್ಡೂ ಹಾಕಿ, ಹಕ್ಕೂ ಬರೆದುಕೊಟ್ಟು, ಪ್ರತಿಗಳನ್ನೂ ಮನೆಗೇ ಹೊತ್ತು ತರುವುದಿದೆಯಲ್ಲ, ಅದು ಬೇಡ.

ಮೊದಲನೆಯ ದಾರಿಯನ್ನು ಒಮ್ಮೆ ಪ್ರಯತ್ನಿಸಲೇಬೇಕು. ನಮ್ಮ ಜಿಲ್ಲೆಯವರಿಗೆ ದೂರ ಅನ್ನುವುದು ಒಂದು ನೆವ. ಬೆಂಗಳೂರು ಎಲ್ಲೋ, ನಾವೆಲ್ಲೋ ಅನ್ನುತ್ತೇವೆ. ಕನ್ನಡದ ಪ್ರಕಾಶನವೇನು ಬೆಂಗಳೂರಿನಲ್ಲಿ ಮಾತ್ರ ಇಲ್ಲ. ಶಿರಸಿಯಿಂದ ಸಿದ್ದಾಪುರ ದಾಟಿ ಸಾಗರದ ಕಡೆ ಹೋದರೆ ಹೆಗ್ಗೋಡಿನ ಅಕ್ಷರ ಪ್ರಕಾಶನ. ಅಂಕೋಲೆಯ ಅಂಬಾರಕೊಡ್ಲದಲ್ಲಿ ವಿಷ್ಣು ನಾಯ್ಕರು ರಾಘವೇಂದ್ರ ಪ್ರಕಾಶನ ಕಟ್ಟಿ, ಹಳ್ಳಿಯಲ್ಲಿ ಕೂತೇ ಪುಸ್ತಕ ತಂದರು. ಧಾರವಾಡದ ಮನೋಹರ ಗ್ರಂಥಮಾಲೆ 1933ರಿಂದ ನಡೆಯುತ್ತಿದೆ. ಚಂದಾದಾರರನ್ನು ಮೊದಲು ಮಾಡಿಕೊಂಡು ಆಮೇಲೆ ಅವರಿಗೆ ಪುಸ್ತಕ ಮುಟ್ಟಿಸುವ ಪದ್ಧತಿ ಅವರದ್ದು. ತಮಾಷೆ ಅಂದರೆ ಅವರ ಕಚೇರಿಯನ್ನೂ ಸಾಹಿತ್ಯದ ಮಂದಿ ‘ಅಟ್ಟ’ ಅಂತಲೇ ಕರೆಯುವುದು. ಮಾಸ್ತರರ ಅಟ್ಟಕ್ಕೂ ಆ ಅಟ್ಟಕ್ಕೂ ಇರುವ ವ್ಯತ್ಯಾಸ ಒಂದು ಚಂದಾದಾರರ ಪಟ್ಟಿ.

ಯಾರಿಗೆ ಕಳಿಸಬೇಕು ಅನ್ನುವುದನ್ನು ನಿಮ್ಮ ಮನೆಯ ಕಪಾಟೇ ಹೇಳುತ್ತದೆ. ನಿಮ್ಮ ಬರಹಕ್ಕೆ ಹತ್ತಿರದ ಐದಾರು ಪುಸ್ತಕ ತೆಗೆಯಿರಿ. ಶೀರ್ಷಿಕೆಯ ಹಿಂದಿನ ಪುಟ ನೋಡಿ. ಪ್ರಕಾಶಕರು ಯಾರು, ಎಷ್ಟನೇ ಮುದ್ರಣ, ಎಷ್ಟು ಪ್ರತಿ, ಹಕ್ಕು ಯಾರದ್ದು, ‘70 ಜಿ.ಎಸ್.ಎಂ. ಮ್ಯಾಪ್ಲಿಥೋ’ ಅನ್ನುವ ಕಾಗದದ ತೂಕ, ಜಾತಿಯ ತನಕ ಎಲ್ಲ ಅಲ್ಲಿರುತ್ತದೆ. ಮಕ್ಕಳ ಪುಸ್ತಕ, ವಿಜ್ಞಾನ ತರುವವರಿಗೆ ಗಜಲ್ ಕಳಿಸಿದರೆ ಅವರೂ ಏನು ಮಾಡಿಯಾರು? ಕಳಿಸುವಾಗ ಪೂರ್ತಿ ಹಸ್ತಪ್ರತಿಯ ಜೊತೆ ಒಂದು ಪುಟದ ಪತ್ರ ಸಾಕು. ಪುಸ್ತಕ ಯಾವುದರ ಬಗ್ಗೆ, ಎಷ್ಟು ಪುಟ, ಯಾರು ಓದಬಹುದು, ಇದರಲ್ಲಿ ಯಾವ ಭಾಗ ಎಲ್ಲಿ ಅಚ್ಚಾಗಿದೆ. ಇಷ್ಟೇ. ಬಾಲ್ಯದಿಂದ ಸಾಹಿತ್ಯದಲ್ಲಿ ಆಸಕ್ತಿ ಅಂತ ಶುರುವಾಗುವ ಪತ್ರವನ್ನು ಅವರು ಸಾವಿರ ಸಲ ಓದಿರುತ್ತಾರೆ.

ಎಲ್ಲಿಯೂ ಅಚ್ಚಾಗದವರಿಗೆ ಸ್ಪರ್ಧೆಗಳು ಒಳ್ಳೆಯ ಬಾಗಿಲು. ಪುಸ್ತಕವಾಗದ ಕಥೆಗಳ ಹಸ್ತಪ್ರತಿ ಕರೆದು, ಬಹುಮಾನ ಕೊಟ್ಟು, ತಾವೇ ಪ್ರಕಟಿಸುವ ಕೆಲಸವನ್ನು ಛಂದ ಪುಸ್ತಕ ಅನ್ನುವ ಪ್ರಕಾಶನ ಮಾಡಿಕೊಂಡು ಬಂದಿದೆ. ಕವಿತೆಗೆ ಕಾಂತಾವರ ಕನ್ನಡ ಸಂಘದ ಮುದ್ದಣ ಕಾವ್ಯ ಪ್ರಶಸ್ತಿ ಇದೆ. ಅದೂ ಹಸ್ತಪ್ರತಿಗೇ. ಬಿಡಿ ಕಥೆ, ಕವಿತೆಗೆ ದೀಪಾವಳಿ ವಿಶೇಷಾಂಕಗಳ ಸ್ಪರ್ಧೆಗಳಿವೆ. ಇಲ್ಲಿ ದುಡ್ಡು ನಿಮ್ಮದಲ್ಲ. ಗುರುತಿಲ್ಲದವರು ನಿಮ್ಮನ್ನು ಓದುತ್ತಾರೆ ಅನ್ನುವುದು ಅದಕ್ಕಿಂತ ದೊಡ್ಡ ಲಾಭ.

ಮುನ್ನುಡಿಯ ವಿಷಯ ಒಂದಿಷ್ಟು. ಪ್ರಕಾಶಕರು ಸಿಗುವ ಮೊದಲೇ ಹಿರಿಯರೊಬ್ಬರ ಮುನ್ನುಡಿಗೆ ಹಸ್ತಪ್ರತಿ ಕಳಿಸಿ, ಎರಡು ಮಳೆಗಾಲ ಕಾದವರನ್ನು ನೋಡಿದ್ದೇನೆ. ಕೇಳಲು ಸಂಕೋಚ, ವಾಪಸ್ ತರಲು ಇನ್ನೂ ಸಂಕೋಚ. ಮುನ್ನುಡಿ ಕೊನೆಗೆ ಬರಲಿ, ಇಲ್ಲದಿದ್ದರೂ ನಡೆಯುತ್ತದೆ. ಹಿರಿಯರ ಹೆಸರಿಗಿಂತ ಹಸ್ತಪ್ರತಿಗೆ ಬೇಕಾದದ್ದು ಪೆನ್ಸಿಲ್ ಹಿಡಿದು ಓದುವ ಒಬ್ಬರು. ಕನ್ನಡದ ಹೆಚ್ಚಿನ ಪ್ರಕಾಶನಗಳಲ್ಲಿ ಕರಡು ತಿದ್ದುತ್ತಾರೆ. ‘ಈ ಅಧ್ಯಾಯ ಬೇಡ’ ಅಂತ ಹೇಳುವವರು ಕಡಿಮೆ. ಆ ಕೆಲಸ ನೀವೇ ಮಾಡಿಸಿಕೊಳ್ಳಬೇಕು, ಅದೂ ನೆಂಟರಲ್ಲದವರಿಂದ.

ನಮ್ಮ ಕಡೆಯ ಬರಹಕ್ಕೆ ಇನ್ನೊಂದು ಪೀಕಲಾಟ ಇದೆ. ಹವಿಗನ್ನಡ, ಹಾಲಕ್ಕಿ ಕನ್ನಡ, ಕೊಂಕಣಿ ಬೆರೆತ ಕಾರವಾರದ ಕನ್ನಡ, ಇವೆಲ್ಲ ದೂರದ ಕರಡು ತಿದ್ದುವವರಿಗೆ ತಪ್ಪಾಗಿ ಕಾಣುತ್ತವೆ. ನಾನೇ ಒಮ್ಮೆ ಕಥೆಯೊಂದನ್ನು ಮುದ್ರಣಕ್ಕೆ ಕಳಿಸಿದ್ದೆ. ಮೀನು ಮಾರುವ ಹೆಂಗಸಿನ ಮಾತೆಲ್ಲ ಪಠ್ಯಪುಸ್ತಕದ ಕನ್ನಡವಾಗಿ ವಾಪಸ್ ಬಂತು. ಪ್ರತಿಯೊಂದನ್ನೂ ಮತ್ತೆ ಕೆಡಿಸಬೇಕಾಯಿತು! ಈಗ ಹಸ್ತಪ್ರತಿಯ ಮೊದಲ ಪುಟದಲ್ಲೇ ಬರೆದು ಬಿಡುತ್ತೇನೆ: ಸಂಭಾಷಣೆಯ ಕಾಗುಣಿತ ಮುಟ್ಟಬೇಡಿ, ಪದಗಳ ಪಟ್ಟಿ ಕೊನೆಯಲ್ಲಿದೆ.

ಹಕ್ಕು ಯಾರದ್ದು?

ನಮ್ಮಲ್ಲಿ ಪ್ರಕಾಶಕರ ಜೊತೆ ಕಾಗದ ಮಾಡಿಕೊಳ್ಳುವುದು ಅಂದರೆ ಅವರ ಮೇಲೆ ನಂಬಿಕೆ ಇಲ್ಲ ಅಂತ ಅರ್ಥ ಮಾಡಿಕೊಳ್ಳುತ್ತಾರೆ. ತೋಟದ ಫಸಲು ಗುತ್ತಿಗೆ ಕೊಡುವಾಗ ಕಾಗದ ಬೇಕು, ಪುಸ್ತಕಕ್ಕೆ ಬೇಡವಾ? 1957ರ ಕೃತಿಸ್ವಾಮ್ಯ ಕಾಯ್ದೆ ಈ ವಿಷಯದಲ್ಲಿ ಲೇಖಕರ ಪರವಾಗಿಯೇ ಇದೆ. ಬರೆದ ಕ್ಷಣದಿಂದಲೇ ಹಕ್ಕು ನಿಮ್ಮದು. ನೋಂದಣಿ ಮಾಡಿಸಲೇಬೇಕು ಅಂತಿಲ್ಲ. ಬೇಕಿದ್ದರೆ ಸಾಹಿತ್ಯ ಕೃತಿಗೆ 500 ರೂಪಾಯಿ ಶುಲ್ಕ. ನಿಮ್ಮ ನಂತರವೂ 60 ವರ್ಷ ಅದು ಮನೆಯವರಿಗೆ ಉಳಿಯುತ್ತದೆ. ಹಸ್ತಪ್ರತಿಯನ್ನು ತಮಗೇ ರಿಜಿಸ್ಟರ್ಡ್ ಪೋಸ್ಟ್ ಮಾಡಿಕೊಂಡು, ಒಡೆಯದೆ ಇಟ್ಟುಕೊಳ್ಳುವ ರೂಢಿ ಇತ್ತು. ಅದರಿಂದ ಹೊಸ ಹಕ್ಕೇನೂ ಹುಟ್ಟುವುದಿಲ್ಲ. ರಿಜಿಸ್ಟರ್ಡ್ ಪೋಸ್ಟೇ 2025ರಲ್ಲಿ ಸ್ಪೀಡ್ ಪೋಸ್ಟ್ ಜೊತೆ ಸೇರಿಹೋಯಿತು ಬಿಡಿ.

ಕಾಯ್ದೆಯ 19ನೇ ಕಲಮನ್ನು ಪುಸ್ತಕ ತರುವ ಎಲ್ಲರೂ ಓದಬೇಕು. ಹಕ್ಕು ಬರೆದುಕೊಡುವುದು ಬಾಯಿಮಾತಿನಲ್ಲಿ ಆಗುವುದಿಲ್ಲ, ಬರಹದಲ್ಲಿ ಇರಬೇಕು, ನಿಮ್ಮ ಸಹಿ ಬೇಕು. ಎಷ್ಟು ವರ್ಷಕ್ಕೆ ಅಂತ ಬರೆಯದೇ ಹೋದರೆ ಐದು ವರ್ಷ ಅಂತ ಲೆಕ್ಕ. ಯಾವ ಪ್ರದೇಶಕ್ಕೆ ಅಂತ ಬರೆಯದಿದ್ದರೆ ಭಾರತಕ್ಕೆ ಮಾತ್ರ. ಬರೆಸಿಕೊಂಡವರು ಒಂದು ವರ್ಷದೊಳಗೆ ಆ ಹಕ್ಕು ಬಳಸದಿದ್ದರೆ, ಕಾಗದದಲ್ಲಿ ಬೇರೆ ಥರ ಹೇಳಿರದ ಪಕ್ಷದಲ್ಲಿ, ಅದು ಬಿದ್ದುಹೋಗುತ್ತದೆ. ಹಸ್ತಪ್ರತಿ ಇಟ್ಟುಕೊಂಡು ಸತಾಯಿಸುವವರಿಗೆ ಇದು ಉತ್ತರ.

ನನ್ನ ಸಲಹೆ: ಹಕ್ಕನ್ನೇ ಕೊಡಬೇಡಿ, ಪ್ರಕಟಿಸುವ ಅನುಮತಿ ಕೊಡಿ. ಒಂದು ಮುದ್ರಣಕ್ಕೆ, ಇಲ್ಲ ಮೂರು ವರ್ಷಕ್ಕೆ. ಇ-ಪುಸ್ತಕ, ಆಡಿಯೋ, ಅನುವಾದ, ಸಿನಿಮಾ, ಇವೆಲ್ಲ ಬೇರೆ ಬೇರೆ ಅಂತ ಬರೆಸಿ. ಗೌರವಧನ ಸಾಮಾನ್ಯವಾಗಿ ಮುಖಬೆಲೆಯ ಶೇ 10ರ ಆಸುಪಾಸು. ಅದು ದುಡ್ಡಿನ ರೂಪದಲ್ಲೋ ಪ್ರತಿಗಳ ರೂಪದಲ್ಲೋ, ಮುದ್ರಿಸಿದ ಪ್ರತಿಗಳಿಗೋ ಮಾರಾಟವಾದ ಪ್ರತಿಗಳಿಗೋ ಅನ್ನುವುದು ಕಾಗದದಲ್ಲಿ ಇರಲಿ. ಖರ್ಚು ನಿಮ್ಮದೇ ಆದರೆ ಉಳಿದ ಪ್ರತಿಗಳೂ, ಮುದ್ರಣದ ಫೈಲೂ ನಿಮ್ಮದು ಅಂತ ಒಂದು ಸಾಲು ಸೇರಿಸಿ. ಈ ಕೊನೆಯ ಸಾಲಿಗೆ ಮತ್ತೆ ಬರುತ್ತೇನೆ.

ದುಡ್ಡಿನ ಲೆಕ್ಕ

ಒಂದು ಉದಾಹರಣೆ ಹಾಕಿ ನೋಡೋಣ. ಡೆಮಿ 1/8 ಅನ್ನುವ ಮಾಮೂಲಿ ಅಳತೆಯ 160 ಪುಟದ ಪುಸ್ತಕ. ಮುದ್ರಕರ ಭಾಷೆಯಲ್ಲಿ 16 ಪುಟಕ್ಕೆ ಒಂದು ಫಾರಂ, ಅಂದರೆ 10 ಫಾರಂ. ಹಾಗಾಗಿಯೇ ಪುಟಗಳು 16ರ ಮಗ್ಗಿಯಲ್ಲಿ ಕೂತರೆ ಕಾಗದ ಉಳಿಯುತ್ತದೆ. 163 ಪುಟ ಬಂದರೆ ಮೂರು ಪುಟ ಎಲ್ಲಾದರೂ ಕತ್ತರಿಸಿ. 500 ಪ್ರತಿಗೆ ಪುಟವಿನ್ಯಾಸ, ಮುಖಪುಟ, ಮುದ್ರಣ, ಬೈಂಡಿಂಗ್ ಎಲ್ಲ ಸೇರಿ 50,000 ರೂಪಾಯಿ ಆಯಿತು ಅಂತ ಇಟ್ಟುಕೊಳ್ಳಿ. ಊರಿಂದ ಊರಿಗೆ ದರ ಬೇರೆ, ಇದು ಲೆಕ್ಕಕ್ಕೆ ಮಾತ್ರ. ಬೆಲೆ 200 ರೂಪಾಯಿ. ಅಂಗಡಿಯವರು ಶೇ 40 ಕಮಿಷನ್ ಇಟ್ಟುಕೊಂಡರೆ ನಿಮ್ಮ ಕೈಗೆ 120. ಹಾಕಿದ ದುಡ್ಡು ವಾಪಸ್ ಬರಲು 417 ಪ್ರತಿ ಹೋಗಬೇಕು. ಗೌರವ ಪ್ರತಿ, ವಿಮರ್ಶೆಗೆ, ಗೆಳೆಯರಿಗೆ ಅಂತ 60 ಕೊಟ್ಟರೆ ಉಳಿಯುವುದು 440. ಅಂದರೆ ಹೆಚ್ಚುಕಡಿಮೆ ಎಲ್ಲವೂ ಮಾರಾಟವಾದರೆ ಮಾತ್ರ ಹೇಗೋ ದಡ ಸೇರುತ್ತೀರಿ. ಅದೇ 200 ಪ್ರತಿಯನ್ನು ನೀವೇ ಪೂರ್ತಿ ಬೆಲೆಗೆ ಮಾರಿದಿರೋ, 40,000 ಅಲ್ಲೇ ಬಂತು. ಹಾಗಾಗಿ ಬರೆಯುವಾಗಲೇ ಒಂದು ವಹಿಯಲ್ಲಿ ಹೆಸರು ಬರೆದಿಡಿ. ಯಾರು ಕೊಳ್ಳುತ್ತಾರೆ? ಹೆಸರು, ಊರು, ಫೋನ್ ನಂಬರ್. ‘ಓದುಗರೆಲ್ಲರೂ’ ಅನ್ನುವುದು ಹೆಸರಲ್ಲ. ಪಟ್ಟಿ 150 ದಾಟದಿದ್ದರೆ 500 ಹಾಕಿಸಬೇಡಿ. ಡಿಜಿಟಲ್ ಮುದ್ರಣದಲ್ಲಿ 100 ಪ್ರತಿಯನ್ನೂ ಮಾಡಿಕೊಡುತ್ತಾರೆ. ಪ್ರತಿಗೆ ಖರ್ಚು ಜಾಸ್ತಿ ಬೀಳುತ್ತದೆ ನಿಜ. ಅಟ್ಟ ಖಾಲಿ ಇರುತ್ತದಲ್ಲ!

ಈ ಲೆಕ್ಕ ಈಚೆಗೆ ಎರಡು ಕಡೆ ಅಲುಗಾಡಿದೆ. ಮೊದಲನೆಯದು ಅಂಚೆ. ರಿಜಿಸ್ಟರ್ಡ್ ಬುಕ್ ಪೋಸ್ಟ್ ಅಂತ ಪುಸ್ತಕಗಳಿಗೇ ಇದ್ದ ಅಗ್ಗದ ಸೇವೆಯನ್ನು 2024ರ ಡಿಸೆಂಬರ್‌ನಲ್ಲಿ ಏಕಾಏಕಿ ನಿಲ್ಲಿಸಿದರು. ಅಂಗಡಿ ಕಡಿಮೆ ಇರುವ ನಮ್ಮಂಥ ಜಿಲ್ಲೆಗೆ ಅಂಚೆಯೇ ಪುಸ್ತಕದ ಅಂಗಡಿ. ಕೆಲವು ತಿಂಗಳು ಎಲ್ಲರೂ ತಲೆ ಕೆರೆದುಕೊಂಡರು. 2025ರ ಮೇ 1ರಿಂದ ಜ್ಞಾನ ಪೋಸ್ಟ್ ಬಂದಿದೆ. 300 ಗ್ರಾಂವರೆಗೆ 20 ರೂಪಾಯಿ, 5 ಕಿಲೋಗೆ 100 ರೂಪಾಯಿ, ತೆರಿಗೆ ಬೇರೆ. ಮೇಲಿನ 160 ಪುಟದ ಪುಸ್ತಕ 70 ಜಿ.ಎಸ್.ಎಂ. ಕಾಗದದಲ್ಲಿ ರಕ್ಷಾಪುಟ ಸೇರಿ ಸುಮಾರು 190 ಗ್ರಾಂ ತೂಗುತ್ತದೆ. ಲಕೋಟೆ ಸೇರಿದರೂ 20 ರೂಪಾಯಿಯೊಳಗೇ ಸೇರಿತು. 300 ಪುಟದ್ದು ಸೇರುವುದಿಲ್ಲ. ಕಾದಂಬರಿಕಾರರೇ, ಸ್ವಲ್ಪ ಇತ್ತ ನೋಡಿ. ಲಕೋಟೆ ಮೇಲೆ ‘ಜ್ಞಾನ ಪೋಸ್ಟ್’ ಅಂತ ಬರೆಯಬೇಕು. ಪುಸ್ತಕದಲ್ಲಿ ಮುದ್ರಕರ ಇಲ್ಲವೇ ಪ್ರಕಾಶಕರ ಹೆಸರು ಇರಬೇಕು.

ಎರಡನೆಯದು ಕಾಗದ. ಅಚ್ಚಾದ ಪುಸ್ತಕಕ್ಕೆ ಜಿಎಸ್‌ಟಿ ಇಲ್ಲ. ಕೇಳಲು ಚೆನ್ನಾಗಿದೆ. ಆದರೆ ಕಾಗದಕ್ಕೆ ಇದೆ. 2025ರ ಸೆಪ್ಟೆಂಬರ್ 22ರಿಂದ ಅದು ಶೇ 12ರಿಂದ 18ಕ್ಕೆ ಏರಿತು. ಪುಸ್ತಕಕ್ಕೆ ತೆರಿಗೆ ಇಲ್ಲದ್ದರಿಂದ ಕಾಗದಕ್ಕೆ ಕಟ್ಟಿದ್ದನ್ನು ಪ್ರಕಾಶಕರು ವಾಪಸ್ ಪಡೆಯುವ ಹಾಗಿಲ್ಲ. ಅದು ಬೆಲೆಯೊಳಗೇ ಕೂರುತ್ತದೆ. ಸಣ್ಣ ಪ್ರಕಾಶಕರು ಹೊಸಬರ ಪುಸ್ತಕ ಅಂದಾಗ ಹಿಂಜರಿಯುವುದಕ್ಕೆ ಇದೂ ಒಂದು ಕಾರಣ.

ಹಾಗಾದರೆ ಸರ್ಕಾರ? ಸಾರ್ವಜನಿಕ ಗ್ರಂಥಾಲಯ ಇಲಾಖೆ ಪುಸ್ತಕಗಳನ್ನು ಸಗಟಾಗಿ ಕೊಳ್ಳುತ್ತದೆ. ಆಯ್ಕೆಯಾದರೆ ಕೆಲವು ನೂರು ಪ್ರತಿ ಒಟ್ಟಿಗೆ ಹೋಗುತ್ತವೆ. ಕನ್ನಡದ ಎಷ್ಟೋ ಪುಸ್ತಕಗಳು ಅಚ್ಚಾಗುವುದೇ ಈ ಒಂದು ಭರವಸೆಯ ಮೇಲೆ. ಇದರ ಹಿಂದಿರುವುದು 1965ರ ಗ್ರಂಥಾಲಯ ಕಾಯ್ದೆ. ಆಸ್ತಿ ತೆರಿಗೆಯ ಮೇಲೆ ಶೇ 6 ಗ್ರಂಥಾಲಯ ಕರ ಇದೆ. ಅದನ್ನು ವಸೂಲು ಮಾಡುವುದು ನಗರಸಭೆ, ಪಂಚಾಯಿತಿಗಳು. ಅಲ್ಲಿಂದ ಇಲಾಖೆಗೆ ಸರಿಯಾಗಿ ಬರುವುದಿಲ್ಲ ಅನ್ನುವುದು ಹಳೆಯ ದೂರು. ಆಯ್ಕೆಯೂ ತಡ, ದುಡ್ಡೂ ತಡ. ಪುಟದ ಲೆಕ್ಕದಲ್ಲಿ ದರ ಕಟ್ಟುವುದರಿಂದ ದೊಡ್ಡ ಅಕ್ಷರ, ಅಗಲ ಅಂಚಿನ ದಪ್ಪ ಪುಸ್ತಕಗಳೂ ಹುಟ್ಟಿಕೊಂಡಿವೆ. ಅರ್ಜಿ ಹಾಕಿ, ಬೇಡ ಅನ್ನುವುದಿಲ್ಲ. ಸಾಲ ತೀರಿಸುವ ಲೆಕ್ಕದಲ್ಲಿ ಮಾತ್ರ ಅದನ್ನು ಸೇರಿಸಬೇಡಿ. ಮೊದಲ ಪುಸ್ತಕದ ಯುವ ಲೇಖಕರಿಗೆ ಕನ್ನಡ ಪುಸ್ತಕ ಪ್ರಾಧಿಕಾರದ ಪ್ರೋತ್ಸಾಹಧನ ಯೋಜನೆ ಇದೆ. ಅದಕ್ಕೆ ವಯಸ್ಸಿನ ಮಿತಿ ಇದೆ, ಹಸ್ತಪ್ರತಿ ಕಳಿಸಬೇಕು. ಪತ್ರಿಕೆಯಲ್ಲಿ ಪ್ರಕಟಣೆ ಬಂದಾಗ ಕತ್ತರಿಸಿ ಇಟ್ಟುಕೊಳ್ಳುವುದು ಒಳ್ಳೆಯದು.

ನೀವೇ ಪ್ರಕಾಶಕರಾಗಲು ಯಾವ ಲೈಸೆನ್ಸೂ ಬೇಡ. ಮನೆಯ ಹೆಸರೋ, ಅಜ್ಜಿಯ ಹೆಸರೋ ಇಟ್ಟು ‘ಪ್ರಕಾಶನ’ ಅಂತ ಸೇರಿಸಿದರೆ ಆಯಿತು. ಐಎಸ್‌ಬಿಎನ್ ಅಂತ ಹಿಂಬದಿ ರಕ್ಷಾಪುಟದ ಬಾರ್ ಕೋಡ್ ಮೇಲಿರುವ 13 ಅಂಕಿಯ ಸಂಖ್ಯೆಗೆ ಸಾವಿರಗಟ್ಟಲೆ ತಗೊಳ್ಳುವವರಿದ್ದಾರೆ. ಅದು ಉಚಿತ. ಕೇಂದ್ರ ಶಿಕ್ಷಣ ಸಚಿವಾಲಯದ ಕೆಳಗಿರುವ ರಾಜಾ ರಾಮಮೋಹನ್ ರಾಯ್ ಸಂಸ್ಥೆಯ ಜಾಲತಾಣದಲ್ಲಿ ಲೇಖಕರೇ ಅರ್ಜಿ ಹಾಕಬಹುದು. ದುಡ್ಡು ತಗೊಂಡು ಪುಸ್ತಕ ಮಾಡಿಕೊಡುವ ‘ಪ್ಯಾಕೇಜ್’ ಮಾರಲು ಫೋನ್ ಮಾಡುವವರನ್ನು ಅಳೆಯಲು ನನ್ನದೊಂದು ಸುಲಭದ ಉಪಾಯ: ಐಎಸ್‌ಬಿಎನ್‌ಗೆ ಎಷ್ಟು ಅಂತ ಕೇಳಿ. ಬೆಲೆ ಹೇಳಿದರೆ ಫೋನ್ ಇಡಿ. ಇನ್ನೊಂದು, ಹೆಚ್ಚಿನವರು ಮರೆಯುವಂಥದ್ದು. 1954ರ ಕಾಯ್ದೆಯ ಪ್ರಕಾರ ಪುಸ್ತಕ ಬಂದ 30 ದಿನದೊಳಗೆ ಕೋಲ್ಕತ್ತದ ರಾಷ್ಟ್ರೀಯ ಗ್ರಂಥಾಲಯಕ್ಕೂ ಚೆನ್ನೈ, ಮುಂಬೈ, ದೆಹಲಿಯ ಗ್ರಂಥಾಲಯಗಳಿಗೂ ಒಂದೊಂದು ಪ್ರತಿಯನ್ನು ಪ್ರಕಾಶಕರು ತಮ್ಮ ಖರ್ಚಿನಲ್ಲಿ ಕಳಿಸಬೇಕು. ನಾಲ್ಕು ಪ್ರತಿ ಹೋಯಿತಲ್ಲ ಅನ್ನಿಸಬಹುದು. ನೂರು ವರ್ಷದ ಮೇಲೆ ಯಾರಾದರೂ ಹುಡುಕಿದರೆ ಸಿಗುವುದು ಅಲ್ಲೇ.

ಇ-ಪುಸ್ತಕಕ್ಕೆ ಅಟ್ಟ ಬೇಕಿಲ್ಲ. ಅಮೆಜಾನ್ ಕಂಪನಿಯ ಕಿಂಡಲ್ 2016ರಲ್ಲಿ ಹಿಂದಿ, ತಮಿಳು, ಮರಾಠಿ, ಗುಜರಾತಿ, ಮಲಯಾಳಂ ಸೇರಿಸಿಕೊಂಡಾಗ ಕನ್ನಡವನ್ನು ಬಿಟ್ಟಿತ್ತು. ಕನ್ನಡಕ್ಕೆ ಅಂತಲೇ ಮೈಲ್ಯಾಂಗ್ ಅನ್ನುವ ಆ್ಯಪ್ ಇದೆ, ಗೂಗಲ್ ಪ್ಲೇ ಇದೆ. ಮುಂಬೈ, ದುಬೈನಲ್ಲಿರುವ ನಮ್ಮ ಕರಾವಳಿಯ ಮಂದಿಗೆ ಇದು ಒಳ್ಳೆಯದು. ಊರಿನಲ್ಲಿ ಮಾತ್ರ ಕೈಗೆ ಪುಸ್ತಕ ಕೊಟ್ಟರೇ ಪುಸ್ತಕ.

ಬಿಡುಗಡೆಯ ಕಾಲವನ್ನೂ ನೋಡಿಕೊಳ್ಳಬೇಕು. ಮಳೆಗಾಲದಲ್ಲಿ ಪುಸ್ತಕ ತಂದರೆ ಜನಕ್ಕಿಂತ ಮೊದಲು ಬೂಸ್ಟು ಬರುತ್ತದೆ. ಅಡಿಕೆ ಕೊಯ್ಲಿನ ನಡುವೆ ಇಟ್ಟರೆ ಕುರ್ಚಿಗಳಿಗೆ ಭಾಷಣ ಮಾಡಬೇಕು.

ಈಗ ಆ ಕೊನೆಯ ಸಾಲು, ಮುದ್ರಣದ ಫೈಲು. ಮಾಸ್ತರರ ಕಥೆ ಅಟ್ಟದಲ್ಲೇ ಮುಗಿಯಲಿಲ್ಲ. ಹೆಸರುಗಳ ಮೇಲೆ ಕೆಲಸ ಮಾಡುವ ಪ್ರಾಧ್ಯಾಪಕರೊಬ್ಬರು ಎಲ್ಲೋ ಒಂದು ಪ್ರತಿ ನೋಡಿ ಇನ್ನೂರು ಬೇಕು ಅಂದರು. ಪೆಟ್ಟಿಗೆ ಇಳಿಸಿದರೆ ಅರ್ಧಕ್ಕೆ ಒರಲೆ (ಗೆದ್ದಲು), ಇನ್ನರ್ಧದ ರಕ್ಷಾಪುಟ ಒಂದಕ್ಕೊಂದು ಅಂಟಿತ್ತು. ಮರುಮುದ್ರಣ ಮಾಡೋಣ ಅಂದರೆ ಫೈಲ್ ಇಲ್ಲ. ಟೈಪ್ ಮಾಡಿದ ಡಿಟಿಪಿ ಅಂಗಡಿ ಮುಚ್ಚಿ ಎಷ್ಟೋ ವರ್ಷವಾಗಿತ್ತು. ಕೊನೆಗೆ ಒಂದು ಹಳೆಯ ಪೆನ್ ಡ್ರೈವ್‌ನಲ್ಲಿ, ಪುಟ ಜೋಡಿಸುವ ಹಳೆಯ ತಂತ್ರಾಂಶ ಪೇಜ್‌ಮೇಕರ್‌ನ ಫೈಲ್ ಸಿಕ್ಕಿತು. ತೆರೆದರೆ ಹಳೆಯ ‘ನುಡಿ’ ಫಾಂಟಿನದ್ದು, ಕನ್ನಡದ ಬದಲು ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ. ಪರಿವರ್ತಕಕ್ಕೆ ಹಾಕಿದೆವು. ಅರ್ಕಾವತ್ತುಗಳೆಲ್ಲ ಜಾಗ ಬದಲಿಸಿ ಕೂತವು. ಊರಿನ ಹೆಸರುಗಳ ಪುಸ್ತಕದಲ್ಲಿ ಊರಿನ ಹೆಸರೇ ತಪ್ಪಾದರೆ ಏನು ಗತಿ? ಹಾಗಾಗಿ ಈಗ ಒರಲೆ ಬಿಟ್ಟ ಒಂದು ಪ್ರತಿಯನ್ನು ಎದುರಿಗಿಟ್ಟುಕೊಂಡು ಮೊದಲ ಪುಟದಿಂದ ಮತ್ತೆ ಟೈಪ್ ಮಾಡುತ್ತಿದ್ದೇವೆ. ಈ ಸಲ, ಯಾವ ಕಂಪ್ಯೂಟರಿನಲ್ಲೂ ಕನ್ನಡವಾಗಿಯೇ ತೆರೆಯುವ ಯೂನಿಕೋಡ್‌ನಲ್ಲಿ. ಪ್ರಾಧ್ಯಾಪಕರ ಇನ್ನೂರರ ಮೇಲೆ ನೂರೇ ಪ್ರತಿ ಜಾಸ್ತಿ ಹಾಕಿಸುವುದು ಅಂತ ಮಾಸ್ತರರು ಮೊದಲೇ ಹೇಳಿಬಿಟ್ಟಿದ್ದಾರೆ.